ಹೊಸ ಡೈವಿಂಗ್ ಗೇರ್ ಮೊದಲ ಸಲ ನೀರಿಗಿಳಿಸೋಕೆ ಫ್ಲೋರಿಡಾದಲ್ಲಿ ಯಾವ ಸ್ಪ್ರಿಂಗ್?

ಪ್ರಶ್ನೆ: ಸರ್, ನಾನು ಟ್ಯಾಂಪಾದಲ್ಲಿರೋದು, ಊರು ಹಾಸನ. ಹೋದ ವರ್ಷ ಓಪನ್ ವಾಟರ್ ಕೋರ್ಸ್ ಮುಗಿಸ್ದೆ, ಈವರೆಗೆ ಎಂಟು ಡೈವ್ ಆಗಿದೆ, ಎಲ್ಲಾ ಬಾಡಿಗೆ ಸಾಮಾನಲ್ಲೇ. ಈಗ ಬಿಸಿಡಿ (ಗಾಳಿ ತುಂಬಿ ತೇಲೋಕೆ ಹಾಕೋ ಜಾಕೆಟ್), ರೆಗ್ಯುಲೇಟರ್ (ಟ್ಯಾಂಕಿನ ಗಾಳಿ ಉಸಿರಾಡೋ ಸಾಧನ), ಡೈವ್ ಕಂಪ್ಯೂಟರ್, 3 ಎಂಎಂ ವೆಟ್‌ಸೂಟ್ ಎಲ್ಲಾ ಹೊಸದು ತಗೊಂಡಿದೀನಿ. ಡಿಸೆಂಬರಲ್ಲಿ ಊರಿಗೆ ಬಂದಾಗ ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವ್ ಹೋಗೋ ಪ್ಲಾನ್ ಇದೆ. ಅದಕ್ಕೆ ಮುಂಚೆ ಇಲ್ಲೇ ಯಾವುದಾದ್ರೂ ಸಿಹಿನೀರಿನ ಸ್ಪ್ರಿಂಗಲ್ಲಿ (ನೆಲದಿಂದ ಉಕ್ಕೋ ಬುಗ್ಗೆ) ಎಲ್ಲಾ ಟೆಸ್ಟ್ ಮಾಡ್ಬೇಕು ಅಂತಿದೀನಿ. ಜಿನ್ನಿ ಸ್ಪ್ರಿಂಗ್ಸ್, ಡೆವಿಲ್ಸ್ ಡೆನ್, ಬ್ಲೂ ಗ್ರಾಟೊ ಮೂರರಲ್ಲಿ ಯಾವುದು ಬೆಸ್ಟ್? ಜೊತೆಗೆ ಬರೋ ಫ್ರೆಂಡೂ ನನ್ನಷ್ಟೇ ಹೊಸಬ.

ಉತ್ತರ: ಮೂರೂ ಒಳ್ಳೆ ಜಾಗಾನೇ, ಮೂರರಲ್ಲೂ ಲೆಕ್ಕ ಇಡದಷ್ಟು ಸಲ ಮುಳುಗೆದ್ದಿದೀನಿ, ಆದ್ರೆ ಹೊಸ ಸಾಮಾನು ಹಾಕ್ಕೊಂಡು ಮೊದಲನೇ ದಿನ ಹೋಗೋಕೆ ಮೂರೂ ಬೇಡ. ಅಲೆಕ್ಸಾಂಡರ್ ಸ್ಪ್ರಿಂಗ್ಸ್‌ಗೆ ಹೋಗಿ. ಒಕಾಲಾ ನ್ಯಾಷನಲ್ ಫಾರೆಸ್ಟ್ ಒಳಗಿದೆ, ಟ್ಯಾಂಪಾದಿಂದ ಎರಡರಿಂದ ಎರಡೂವರೆ ಗಂಟೆ ಡ್ರೈವ್, ಆ ಕಾಡಲ್ಲಿ ಸ್ಕೂಬಾಗೆ ಬಿಡೋ ಸ್ಪ್ರಿಂಗ್ ಅದೊಂದೇ. ಹೆಸರು ಕೇಳಿ ನಿಮ್ಮ ಫ್ರೆಂಡ್ ಮೂತಿ ಸೊಟ್ಟ ಮಾಡ್ಬಹುದು, ಯಾಕಂದ್ರೆ ಅಲ್ಲಿ ವಿಡಿಯೋ ತೆಗೆದು ಹಾಕೋಕೆ ಗುಹೆ ಇಲ್ಲ, ಮೇಲಿಂದ ಬೆಳಕಿನ ಕೋಲು ಬೀಳೋದಿಲ್ಲ, ಇರೋದು ಕೆರೆ ಥರ ಅಗಲವಾದ ಹೊಂಡ, ಬಿಳಿ ಮರಳು, ಸುತ್ತ ನೀರಹುಲ್ಲು, ಅತಿ ಆಳ ಅಂದ್ರೆ 25 ಅಡಿ ಚಿಲ್ಲರೆ. ನನಗೆ ಬೇಕಾಗಿರೋದೂ ಅದೇನೇ.

ಗೇರ್ ಟೆಸ್ಟ್ ಅಂತ ಹೊರಟ ದಿನ ನೀವು ನೋಡ್ಬೇಕಾಗಿರೋದು ಎದೆ ಮೇಲಿರೋ ಬಕಲ್ಲು, ಹೋಸು, ಗೇಜು. ಸುತ್ತಮುತ್ತ ಭಾರೀ ಚೆಂದದ್ದೇನಾದ್ರೂ ಇದ್ರೆ ಕಣ್ಣು ಅತ್ತ ಹೋಗುತ್ತೆ, ಕೈ ಬಟನ್ ಹುಡುಕ್ತಿರುತ್ತೆ, ಬಟನ್ ಹಳೇ ಬಾಡಿಗೆ ಬಿಸಿಡಿಯಲ್ಲಿದ್ದ ಜಾಗದಲ್ಲಿ ಇರಲ್ಲ, ಅಷ್ಟರಲ್ಲಿ ನೀವು ಎರಡು ಮೀಟರ್ ಮೇಲೋ ಕೆಳಗೋ ಹೋಗಿರ್ತೀರ. ಹೊಸಬರಿಗೆಲ್ಲಾ ನಾನು ಹೇಳೋದು, ಜಾಗದ ಬಗ್ಗೆ ನಾಲ್ಕು ಕೇಳ್ಕೊಳ್ಳಿ ಅಂತ. ತಲೆ ಮೇಲೆ ಆಕಾಶ ಇದೆಯಾ, ಎದ್ದು ನಿಂತ್ರೆ ಕಾಲಿಗೆ ನೆಲ ಸಿಗೋ ಕಡೆ ಟೆಸ್ಟ್ ಮಾಡಬಹುದಾ, ತಳ ಮರಳಾ, ಏನಾದ್ರೂ ಕೈ ಕೊಟ್ರೆ ನಡ್ಕೊಂಡೇ ದಡ ಸೇರ್ಬಹುದಾ. ಅಲೆಕ್ಸಾಂಡರಲ್ಲಿ ನಾಲ್ಕಕ್ಕೂ ಹೌದು. ಮಕ್ಕಳು ಆಟ ಆಡೋ ದಂಡೆಯಿಂದಾನೇ ಒಳಗಿಳೀತೀರ, ಸೊಂಟದಷ್ಟು, ಎದೆಯಷ್ಟು, ಆಮೇಲೆ ಮೆಲ್ಲಗೆ ಇಳಿಜಾರು.

ಸ್ಪ್ರಿಂಗಲ್ಲಿ ಟೆಸ್ಟ್ ಮಾಡೋ ಯೋಚನೆ ಮಾತ್ರ ನೂರಕ್ಕೆ ನೂರು ಸರಿ. ಫ್ಲೋರಿಡಾದ ನೆಲದಡಿ ಇರೋದು ಸುಣ್ಣದ ಕಲ್ಲು, ಜರಡಿ ಥರ ತೂತು ತೂತು, ಮಳೆ ನೀರು ಅದರೊಳಗೆ ಇಂಗಿ ಸೋಸಿಕೊಂಡು ಇನ್ನೆಲ್ಲೋ ಬುಗ್ಗೆಯಾಗಿ ಮೇಲೆ ಬರುತ್ತೆ, ಅಂಥ ಬುಗ್ಗೆಗಳು ಈ ರಾಜ್ಯದಲ್ಲಿ ಸಾವಿರಕ್ಕೂ ಮೇಲಿವೆ. ಸೆಕೆಂಡಿಗೆ 100 ಘನ ಅಡಿ, ಅಂದ್ರೆ 2,800 ಲೀಟರ್‌ಗಿಂತ ಜಾಸ್ತಿ ನೀರು ಕೊಡೋದನ್ನ ಫಸ್ಟ್ ಮ್ಯಾಗ್ನಿಟ್ಯೂಡ್ ಅಂತಾರೆ, ಅಲೆಕ್ಸಾಂಡರ್ ಆ ಸಾಲಿನದು. ನೀರು ವರ್ಷಪೂರ್ತಿ ಹತ್ತಿರ ಹತ್ತಿರ 22 ಡಿಗ್ರಿ, ಜುಲೈ ಆದ್ರೂ ಅಷ್ಟೇ, ಜನವರಿ ಆದ್ರೂ ಅಷ್ಟೇ. ಅಲೆ ಇಲ್ಲ, ದೋಣಿ ಅಲ್ಲಾಡಲ್ಲ, ಹೊಟ್ಟೆ ತೊಳೆಸಲ್ಲ. ನನ್ನಂಥವನಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರೋದು ಆ ನೀರಿನ ತಿಳಿ. ಹೋಸ್ ಜಾಯಿಂಟಿಂದ ಸಾಸಿವೆ ಕಾಳಿನಷ್ಟು ಗುಳ್ಳೆ ಸಾಲಾಗಿ ಬರ್ತಿದ್ರೂ ಮೂರು ಮೀಟರ್ ದೂರದಿಂದ ಬಡ್ಡಿಗೆ, ಅಂದ್ರೆ ಜೊತೆಗೆ ಡೈವ್ ಮಾಡೋ ಗೆಳೆಯನಿಗೆ, ಕಾಣುತ್ತೆ. ಆಮೇಲೆ ಉಪ್ಪು ತಾಗಿರಲ್ಲ, ಏನಾದ್ರೂ ಕೆಟ್ಟಿದ್ರೆ ವಾಪಸ್ ತಗೊಂಡು ಹೋದಾಗ ಅಂಗಡಿಯವನ ಜೊತೆ ಮಾತಾಡೋಕೂ ಮುಖ ಇರುತ್ತೆ.

ಈಗ ನಿಮ್ಮ ಮೂರು ಹೆಸರಿಗೆ ಬರ್ತೀನಿ. ಡೆವಿಲ್ಸ್ ಡೆನ್ ವಿಲ್ಲಿಸ್ಟನ್ ಊರಲ್ಲಿದೆ, ಖಾಸಗಿ ಜಾಗ, ಚಾವಣಿ ಕುಸಿದ ಗುಹೆ ಒಳಗಿರೋ ಕೊಳ. ಬಂಡೆ ಸಂದಿಯ ಮೆಟ್ಟಿಲಿಳಿದು ಹೋಗ್ತಿದ್ರೆ ಯಾವುದೋ ಹಳೇ ಕಲ್ಯಾಣಿಗೆ ಇಳಿದ ಹಾಗಿರುತ್ತೆ, ಆಳ 54 ಅಡಿ. ಚಳಿ ಬೆಳಿಗ್ಗೆ ನೆಲದ ತೂತಿಂದ ಹಬೆ ಏಳ್ತಿತ್ತಂತೆ, ಅದನ್ನ ನೋಡಿ ಸೈತಾನನ ಬಿಲ ಅಂತ ಹೆಸರಿಟ್ರು. ಚೆಂದಕ್ಕೆ ಎರಡು ಮಾತಿಲ್ಲ. ಆದ್ರೆ ಬರೀ ಖಾಲಿ ಅಲ್ಯೂಮಿನಿಯಂ ಟ್ಯಾಂಕೇ 14 ಕೆಜಿ, ಅದರ ಮೇಲೆ ಉಳಿದ ಸಾಮಾನು, ಅಷ್ಟನ್ನೂ ಬೆನ್ನಿಗೆ ಹಾಕ್ಕೊಂಡು ಆ ಮೆಟ್ಟಿಲಲ್ಲಿ ಇಳೀಬೇಕು, ಯಾವುದೋ ಓ-ರಿಂಗ್, ಅಂದ್ರೆ ಜಾಯಿಂಟಿನ ರಬ್ಬರ್ ಬಳೆ, ಸೋರ್ತಿದೆ ಅಂತ ಗೊತ್ತಾದ್ರೆ ಅಷ್ಟನ್ನೂ ಹೊತ್ಕೊಂಡು ವಾಪಸ್ ಹತ್ತಬೇಕು. ಎರಡು ಸಲ ಹತ್ತಿ ಇಳಿದವನು ಮೂರನೇ ಸಲ ಸಣ್ಣ ಸೋರಿಕೆ ಕಂಡ್ರೆ ಏನಂತಾನೆ ಹೇಳಿ? ಇರ್ಲಿ ಬಿಡು, ಇಷ್ಟಕ್ಕೆಲ್ಲಾ ಯಾರು ಹತ್ತುತಾರೆ ಅಂತಾನೆ. ನನಗೆ ಭಯ ಆ ಮಾತಿಂದು. ಅಲೆಕ್ಸಾಂಡರಲ್ಲೂ ಪಾರ್ಕಿಂಗಿಂದ ಸ್ವಲ್ಪ ನಡೀಬೇಕು, ಆದ್ರೆ ಸಮತಟ್ಟು ನೆಲ, ಒಂದು ಮಡಚೋ ಕೈಗಾಡಿ ಇದ್ರೆ ಸಾಕು.

ಬ್ಲೂ ಗ್ರಾಟೊನೂ ಅಲ್ಲೇ ವಿಲ್ಲಿಸ್ಟನ್ ಪಕ್ಕ. ಅದರ ಆಳ 100 ಅಡಿ, ಕೆಳಗೆ ಹೋಗ್ತಾ ಹೋಗ್ತಾ ಕತ್ತಲು. 30 ಅಡಿಯಲ್ಲಿ ಗಂಟೆ ಥರ ಕವುಚಿದ ಒಂದು ಗಾಳಿ ಗೂಡು ಕಟ್ಟಿದಾರೆ, ಮೇಲಿಂದ ಹೊಸ ಗಾಳಿ ಪಂಪ್ ಮಾಡ್ತಾರೆ, ತಲೆ ಒಳಗಿಟ್ಟು ಮಾತಾಡ್ಕೊಂಡು ನಿಲ್ಬಹುದು, ಮಜಾ ಇರುತ್ತೆ. ಎರಡನೇ ಟ್ರಿಪ್‌ಗೆ ಇಟ್ಕೊಳ್ಳಿ. ಮೊದಲನೇ ದಿನ ಬೇಡ ಅನ್ನೋದು ಯಾಕಂದ್ರೆ ಬಿಸಿಡಿಯ ಗಾಳಿ ಬಿಡೋ ದಾರ ಎಲ್ಲಿದೆ ಅಂತ ತಡಕಾಡ್ತಿರೋ ಮನುಷ್ಯನ ಕಾಲ ಕೆಳಗೆ 100 ಅಡಿ ಇರಬಾರದು, 15 ಅಡಿ ಸಾಕು.

ಜಿನ್ನಿ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು. ಹೈ ಸ್ಪ್ರಿಂಗ್ಸ್ ಊರಿನ ಹತ್ರ ಸಾಂತಾ ಫೇ ನದಿ ದಂಡೆ ಮೇಲಿದೆ, ಇದೂ ಖಾಸಗಿ, ಒಂದೇ ಆವರಣದಲ್ಲಿ ಹಲವಾರು ಬುಗ್ಗೆಗಳು. ಜಿನ್ನಿ ಅನ್ನೋ ಮುಖ್ಯ ಬುಗ್ಗೆ ಒಳಗೆ ಬಾಲ್‌ರೂಮ್ ಅಂತ ಒಂದು ಹಜಾರ ಇದೆ, ಅದರ ಹಿಂದಿನ ಗುಹೆ ದಾರಿಗೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದಾರೆ, ಹಾಗಾಗಿ ನಿಮ್ಮಂಥ ಓಪನ್ ವಾಟರ್ ಡೈವರ್‌ಗಳು ಟಾರ್ಚ್ ಹಿಡ್ಕೊಂಡು ಹಜಾರದವರೆಗೆ ಹೋಗೋಕೆ ಬಿಡ್ತಾರೆ. ಪಕ್ಕದಲ್ಲೇ ಡೆವಿಲ್ಸ್ ಐ, ಡೆವಿಲ್ಸ್ ಇಯರ್ ಇವೆ, ಅಲ್ಲಿ ಗುಹೆ ಬಾಗಿಲು ತೆರೆದಿರುತ್ತೆ, ಆ ಕಡೆ ಗುಹೆ ಟ್ರೈನಿಂಗ್ ಇಲ್ಲದವರು ಟಾರ್ಚ್ ಒಯ್ಯೋ ಹಾಗೇ ಇಲ್ಲ. ಮೊದಲನೇ ಸಲ ಕೇಳಿದಾಗ ತಲೆಕೆಳಗಾದ ರೂಲ್ ಅನಿಸುತ್ತೆ, ಕತ್ತಲಿಗೆ ಬೆಳಕು ಬೇಡ ಅಂದ್ರೆ ಹೇಗೆ ಅಂತ. ಅವರ ಲೆಕ್ಕ ಸರಳ, ಕೈಯಲ್ಲಿ ಟಾರ್ಚ್ ಇಲ್ಲದವನು ಬೆಳಕು ಮುಗಿದ ಕಡೆ ತಾನೇ ನಿಲ್ತಾನೆ, ಟಾರ್ಚ್ ಇದ್ದವನು ಇನ್ನೂ ಒಂಚೂರು, ಇನ್ನೂ ಒಂಚೂರು ಅಂತ ಹೋಗ್ತಾನೆ.

ಆ ಗುಹೆಗಳ ಬಾಯಲ್ಲಿ ಯಮನ ಚಿತ್ರ ಇರೋ ಬೋರ್ಡ್ ಇರುತ್ತೆ, ಅವರ ಯಮ ಅಂದ್ರೆ ಕರಿ ನಿಲುವಂಗಿ, ಕೈಯಲ್ಲಿ ಕುಡುಗೋಲು. ಈ ಗುಹೆ ಒಳಗೆ ಸಾಯೋಷ್ಟು ಬೆಲೆಬಾಳೋದು ಏನೂ ಇಲ್ಲ ಅಂತ ಬರೆದಿರುತ್ತೆ. ಸುಮ್ನೆ ಹೆದರಿಸೋಕೆ ಅಲ್ಲ ಅದು. ಗುಹೆ ಡೈವಿಂಗಲ್ಲಿ ಶೆಕ್ ಎಕ್ಸ್‌ಲಿ ಅಂತ ದೊಡ್ಡ ಹೆಸರು, ಇದೇ ಉತ್ತರ ಫ್ಲೋರಿಡಾದವರು, 1970ರ ದಶಕದಲ್ಲಿ ಸಾವಿನ ಕೇಸುಗಳನ್ನ ಒಂದೊಂದಾಗಿ ಬಿಡಿಸಿ ನೋಡಿದ್ರು, ಮತ್ತೆ ಮತ್ತೆ ಸಿಕ್ಕಿದ್ದು ಅವೇ ಕಾರಣಗಳು: ಹೊರಗಿನವರೆಗೆ ಬಿಡದೆ ಕಟ್ಟಿದ ಹಗ್ಗ ಇರ್ಲಿಲ್ಲ, ವಾಪಸ್ ಬರೋಕೆ ಮೂರನೇ ಎರಡು ಭಾಗ ಗಾಳಿ ಉಳಿಸಿರ್ಲಿಲ್ಲ, ತುಂಬಾ ಆಳಕ್ಕೆ ಹೋಗಿದ್ರು. ಅಂಥ ಮನುಷ್ಯನೂ 1994ರಲ್ಲಿ ಮೆಕ್ಸಿಕೋದ ಝಕಾಟೋನ್ ಅನ್ನೋ ನೀರಿನ ಬಾವಿಯಲ್ಲಿ ಆಳದ ಡೈವ್ ಮಾಡೋವಾಗ ತೀರ್ಕೊಂಡ್ರು. ನೀರು ಕನ್ನಡಿ ಥರ ಇರುತ್ತೆ ನಿಜ, ಆದ್ರೆ ಚಾವಣಿ ಕೆಳಗೆ ನೆಲದ ಮೇಲೆ ಮೈದಾ ಹಿಟ್ಟಿನಂಥ ನುಣುಪು ಮಣ್ಣು ಕೂತಿರುತ್ತೆ, ಹೊಸ ಫಿನ್ ಒಂದು ಸಲ ಜೋರಾಗಿ ಬಡಿದ್ರೆ ಸಾಕು, ಅರ್ಧ ನಿಮಿಷದಲ್ಲಿ ನಿಮ್ಮ ಕೈ ನಿಮಗೇ ಕಾಣಲ್ಲ. ಮುಳುಗೋಕೆ ಎಷ್ಟು ವೇಟ್, ಅಂದ್ರೆ ಸೀಸದ ತೂಕ, ಬೇಕು ಅಂತಲೇ ಗೊತ್ತಿಲ್ಲದ ದಿನ ಅಲ್ಲಿರಬಾರದು ಅನ್ನೋದು ಇದಕ್ಕೇ.

ಜಿನ್ನಿಯಲ್ಲಿ ಇನ್ನೊಂದು ತೊಂದರೆ ನದಿ. ಸಾಂತಾ ಫೇ, ಸುವಾನೀ ಎರಡೂ ಕಾಡಿನ ಎಲೆ ಕೊಳೆತ ರಸದಿಂದ ಡಿಕಾಕ್ಷನ್ ಬಣ್ಣ, ದೊಡ್ಡ ಮಳೆಯಾಗಿ ನದಿ ಏರಿದ್ರೆ ಬುಗ್ಗೆ ನೀರನ್ನ ಹಿಂದಕ್ಕೆ ತಳ್ಳಿ ಆ ಕಂದು ನೀರೇ ಒಳಗೆ ನುಗ್ಗುತ್ತೆ, ಆಗ ಏನೂ ಕಾಣಲ್ಲ. ಸುವಾನೀ ದಂಡೆಯ ಟ್ರಾಯ್ ಸ್ಪ್ರಿಂಗದೂ ಇದೇ ಕತೆ. ಅಲ್ಲಿ 1863ರಲ್ಲಿ ಬೇಕಂತಲೇ ಮುಳುಗಿಸಿದ ಮ್ಯಾಡಿಸನ್ ಅನ್ನೋ ಸ್ಟೀಮ್‌ಬೋಟಿನ ಅಸ್ಥಿಪಂಜರ ಈಗ್ಲೂ ಇದೆ, ನದಿ ಇಳಿದಾಗ ಒಂದು ಸಲ ನೋಡ್ಬೇಕಾದ್ದು. ಚಂಡಮಾರುತದ ಸೀಸನ್ ಮುಗಿಯೋವರೆಗೆ, ಅಂದ್ರೆ ನವೆಂಬರ್ ಕೊನೆವರೆಗೂ, ನದಿ ದಂಡೆಯ ಸ್ಪ್ರಿಂಗ್‌ಗೆ ಹೊರಡೋ ಮುಂಚೆ ನದಿ ಮಟ್ಟ ನೋಡಿ, ಫೋನೂ ಮಾಡಿ. ಆರೆಂಜ್ ಸಿಟಿಯ ಬ್ಲೂ ಸ್ಪ್ರಿಂಗ್ ಪಾರ್ಕ್ ಅಂತೂ ನವೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ ಮ್ಯಾನಟೀ ಅನ್ನೋ ನೀರಿನ ದೊಡ್ಡ ಪ್ರಾಣಿಗಳಿಗೆ ಬಿಟ್ಟುಕೊಟ್ಟ ಜಾಗ, ಮನುಷ್ಯರಿಗೆ ನೀರಿಗಿಳಿಯೋಕೆ ಬಿಡಲ್ಲ.

ಸರಿ, ಬೋರ್ ಜಾಗ ಬೋರ್ ಜಾಗ ಅಂತ ಯಾಕೆ ಬಡ್ಕೋತೀನಿ ಅಂದ್ರೆ ನನಗೇ ಆಗಿದೆ. ಕೆಲವು ವರ್ಷದ ಹಿಂದೆ ಹೊಸ ಬಿಸಿಡಿ ತಗೊಂಡು ಹೀಗೇ ಒಂದು ಆಳವಿಲ್ಲದ ಬುಗ್ಗೆಗೆ ಹೋದೆ. ದಡದಲ್ಲಿ ಎಲ್ಲಾ ಸರಿ ಇತ್ತು, ಒತ್ತಿದ್ರೆ ತುಂಬ್ತು, ಬಿಟ್ರೆ ನಿಲ್ತು. ಎದೆಮಟ್ಟದ ನೀರಲ್ಲಿ ಮಂಡಿಯೂರಿ ಗಾಳಿ ತುಂಬೋ ಇನ್‌ಫ್ಲೇಟರ್ ಬಟನ್ ಒಂದು ಸಲ ಒತ್ತಿದೆ, ಪುಸ್ ಅಂತ ಶುರುವಾಗಿದ್ದು ನಿಲ್ಲಲೇ ಇಲ್ಲ. ಬೆರಳು ತೆಗೆದೆ, ಇನ್ನೂ ಪುಸ್. ಜಾಕೆಟ್ ಪಕ್ಕೆಗೆ ಬಿಗೀತಾ ಬಂತು, ಸೇಫ್ಟಿ ವಾಲ್ವ್ ಕುಕ್ಕರ್ ವಿಷಲ್ ಥರ ಬುಸುಗುಡ್ತು, ನಾನು ಕಾರ್ಕಿನ ಹಾಗೆ ಮೇಲೆ ಬಂದು ನಿಂತೆ. ಮಾಡ್ಬೇಕಾಗಿರೋದು ಗೊತ್ತು, ಹೋಸಿನ ಕಾಲರ್ ಹಿಂದಕ್ಕೆ ಎಳೆದು ಕಳಚಬೇಕು, ನೂರು ಜನಕ್ಕೆ ಹೇಳ್ಕೊಟ್ಟಿದೀನಿ. ಆದ್ರೆ ಈ ಹೊಸದರ ಕಾಲರ್ ನುಣ್ಣಗೆ ಸಣ್ಣದಿತ್ತು, ಒದ್ದೆ ಬೆರಳು ಜಾರಿ ಮೂರನೇ ಪ್ರಯತ್ನಕ್ಕೆ ಬಿಟ್ಕೊಳ್ತು. ಅಂಗಡಿಯವನು ಬಿಚ್ಚಿ ನೋಡಿದ್ರೆ ಬಟನ್ ಕೆಳಗಿನ ಪುಟಾಣಿ ಸ್ಪ್ರಿಂಗ್ ಓರೆಯಾಗಿ ಕೂತಿತ್ತು, ಸ್ಪ್ರಿಂಗಲ್ಲಿ ಸ್ಪ್ರಿಂಗೇ ಕೈ ಕೊಡ್ತು ನೋಡಿ. ಎದೆಮಟ್ಟದ ನೀರಲ್ಲಿ ಇದು ಊಟದ ಟೈಮಲ್ಲಿ ಹೇಳ್ಕೊಂಡು ನಗೋ ಕತೆ, ನೇತ್ರಾಣಿಯಲ್ಲಿ 15 ಮೀಟರಲ್ಲಿ ಆಗಿದ್ರೆ ರಾಕೆಟ್ ಥರ ಮೇಲೆ ಬರ್ತಿದ್ದೆ, ಗಾಬರಿಯಲ್ಲಿ ಉಸಿರು ಹಿಡ್ಕೊಂಡಿದ್ರೆ ಶ್ವಾಸಕೋಶ ಏನಾಗ್ತಿತ್ತೋ.

ಅದಕ್ಕೆ ನೀವು ಮಾಡೋದು ಹೀಗಿರ್ಲಿ. ಹಿಂದಿನ ರಾತ್ರಿ ಮನೇಲಿ ಮಾಸ್ಕಿನ ಗಾಜು ಒಳಗಡೆ ಟೂತ್‌ಪೇಸ್ಟ್ ಹಾಕಿ ಚೆನ್ನಾಗಿ ಉಜ್ಜಿ ತೊಳೀರಿ, ಫ್ಯಾಕ್ಟರಿಯ ಪೊರೆ ಹೋಗದಿದ್ರೆ ಎಷ್ಟು ಉಗುಳು ಹಚ್ಚಿದ್ರೂ ಮಂಜು ಬಿಡಲ್ಲ. ಬಿಸಿಡಿಯನ್ನ ಬಾಯಿಂದ ಊದಿ ಗಟ್ಟಿ ಮಾಡಿ ರಾತ್ರಿ ಇಡೀ ಹಾಗೇ ಬಿಡಿ, ಬೆಳಿಗ್ಗೆ ಮೆತ್ತಗಾಗಿದ್ರೆ ಹೊರಡೋದೇ ಬೇಡ. ರೆಗ್ಯುಲೇಟರ್ ಟ್ಯಾಂಕಿಗೆ ಸಿಕ್ಕಿಸದೆ ಫಸ್ಟ್ ಸ್ಟೇಜಿನ, ಅಂದ್ರೆ ಟ್ಯಾಂಕಿಗೆ ಕೂರೋ ಭಾಗದ, ಬಾಯಿಗೆ ಮುಚ್ಚಳ ಬಿಗಿದು ಎರಡೂ ಮೌತ್‌ಪೀಸಿಂದ ಒಂದೊಂದಾಗಿ ಗಾಳಿ ಎಳೀರಿ, ಏನೂ ಬರದೆ ನಾಲಿಗೆಗೆ ಅಂಟ್ಕೊಳ್ಳೋ ಥರ ಆಗ್ಬೇಕು, ಸಣ್ಣಗೆ ಗಾಳಿ ಬಂದ್ರೆ ಎಲ್ಲೋ ಒಳಗಿನ ರಬ್ಬರ್ ಪೊರೆ (ಡಯಾಫ್ರಮ್) ಸರಿ ಕೂತಿಲ್ಲ ಅಂತ. ಅಲೆಕ್ಸಾಂಡರಲ್ಲಿ ಟ್ಯಾಂಕ್ ಸಿಗಲ್ಲ, ತಲೆಗೆ ಎರಡು ಟ್ಯಾಂಕ್ ಟ್ಯಾಂಪಾದಲ್ಲೇ ಬಾಡಿಗೆಗೆ ತಗೊಳ್ಳಿ, ಸರ್ಟಿಫಿಕೇಟ್ ಕಾರ್ಡ್ ಮರೀಬೇಡಿ.

ನೀರಲ್ಲಿ ಮೊದಲ ಅರ್ಧ ಗಂಟೆ ಎಲ್ಲೂ ಹೋಗಬೇಡಿ. ಸೊಂಟದಷ್ಟು ನೀರಲ್ಲಿ ಬಡ್ಡಿ ನಿಮ್ಮ ಸುತ್ತ ಒಂದು ಸುತ್ತು ಬಂದು ಗುಳ್ಳೆ ಹುಡುಕ್ಲಿ, ಆಮೇಲೆ ನೀವು ಅವರದ್ದು. ಇನ್‌ಫ್ಲೇಟರ್ ಹೋಸ್ ಕಣ್ಣು ಮುಚ್ಚಿ ಕಳಚಿ ಸಿಕ್ಕಿಸಿ, ಹತ್ತು ಸಲ. ವೇಟ್ ಪಾಕೆಟ್ ಕಿತ್ತು ಮತ್ತೆ ಹಾಕಿ, ಹೊಸ ಪಾಕೆಟ್‌ಗಳು ಕೆಲವು ಬಿಗಿ, ಕೆಲವು ತಾವೇ ಬಿದ್ದುಹೋಗೋಷ್ಟು ಸಡಿಲ. ಮಾಸ್ಕ್ ತುಂಬಿಸಿ ಖಾಲಿ ಮಾಡಿ. ಆಕ್ಟೋಪಸ್, ಅಂದ್ರೆ ಹೆಚ್ಚುವರಿ ಮೌತ್‌ಪೀಸ್, ಬಾಯಿಗಿಟ್ಕೊಂಡು ಹತ್ತು ಉಸಿರಾಡಿ, ಅದನ್ನ ಯಾರೂ ಟೆಸ್ಟ್ ಮಾಡಲ್ಲ, ಬೇಕಾದ ದಿನ ಗೆಳೆಯನ ಬಾಯಿಗೆ ಹೋಗೋದು ಅದೇ. ರೆಗ್ಯುಲೇಟರ್ ಬಾಯಿಂದ ತೆಗೆದಾಗ ಭುಸ್ ಅಂತ ತಾನೇ ಹರೀತಿದ್ರೆ ಗಾಬರಿ ಬೇಡ, ಮೌತ್‌ಪೀಸ್ ಕೆಳಗೆ ತಿರುಗಿಸಿ ನಿಲ್ಲುತ್ತೆ, ಪಕ್ಕದ ಸ್ವಿಚ್ ಪ್ರೀ-ಡೈವ್ ಕಡೆ ಇದೆಯಾ ನೋಡಿ. ಇದಾದ ಮೇಲೆ ಇಳಿಜಾರಲ್ಲಿ ಇಳೀತಾ ಬುಗ್ಗೆ ಬಾಯಿ ಹತ್ರ ಹೋಗಿ, ಬಾಯಿಗೆ ನೇರವಾಗಿ ಮೇಲೆ ನಿಂತ್ರೆ ನೀರು ತಳ್ಳುತ್ತೆ, ಪಕ್ಕಕ್ಕಿರಿ. ಮೊಸಳೆ ಇಲ್ವಾ ಅಂತ ಮನೇಲಿ ಕೇಳ್ತಾರೆ, ಫ್ಲೋರಿಡಾದ ಸಿಹಿನೀರಲ್ಲೆಲ್ಲಾ ಅಲಿಗೇಟರ್ ಇರುತ್ತೆ, ಹಗಲು ಹೊತ್ತು ಈಜೋ ಜಾಗದ ಒಳಗೇ ಇರಿ, ಹೊಳೆ ಹರಿಯೋ ಕಡೆ ಹುಲ್ಲು ಪೊದೆಗೆ ನುಗ್ಗಬೇಡಿ.

ಚಳಿ ಬಗ್ಗೆ ಒಂದು ಮಾತು. 22 ಡಿಗ್ರಿ ಅಂದ್ರೆ ಬೆಂಗಳೂರಿನ ಸಂಜೆ ಹವೆ ಅನ್ಕೊಂಡು ಇಳೀತೀರ, ಇಪ್ಪತ್ತೈದು ನಿಮಿಷಕ್ಕೆ ಹಲ್ಲು ಕಟಕಟ ಅನ್ನುತ್ತೆ, ನೀರು ಮೈ ಬಿಸಿ ಎಳೆಯೋ ಸ್ಪೀಡೇ ಬೇರೆ. ಇಲ್ಲಿನವರು 5 ಎಂಎಂ ಹಾಕ್ಕೊಳ್ಳಿ ಅಂತ ಸಲಹೆ ಕೊಡ್ತಾರೆ, ತಪ್ಪೇನಿಲ್ಲ. ಆದ್ರೆ ನಿಮ್ಮ ಕೆಲಸಕ್ಕೆ ಅದು ಬೇಡ, ನೇತ್ರಾಣಿಗೆ ಒಯ್ಯೋದು 3 ಎಂಎಂ ತಾನೇ, ಅದನ್ನೇ ಹಾಕಿ, ಡೈವ್ ಚಿಕ್ಕದಾಗಿ ಮಾಡಿ, ಮಧ್ಯೆ ಬಿಸಿಲಿಗೆ ಬಂದು ಕೂತು ಫ್ಲಾಸ್ಕಿನ ಕಾಫಿ ಕುಡೀರಿ. ಸೂಟ್ ದಪ್ಪ ಬದಲಾದ್ರೆ ವೇಟ್ ಲೆಕ್ಕ ಪೂರ್ತಿ ಬದಲಾಗುತ್ತೆ, ಆಮೇಲೆ ಇಲ್ಲಿ ಬಂದ ನಂಬರ್ ಅಲ್ಲಿ ಕೆಲಸಕ್ಕೆ ಬರಲ್ಲ.

ಇಷ್ಟು ದೂರ ಹೋಗಿ ತರಬೇಕಾಗಿರೋದು ಆ ನಂಬರನ್ನೇ. ಎರಡನೇ ಡೈವ್ ಮುಗಿದು ಟ್ಯಾಂಕಲ್ಲಿ 500 ಪಿಎಸ್‌ಐ ಒತ್ತಡದ ಗಾಳಿ ಉಳಿದಾಗ ಕಾಲಿಗೆ ನೆಲ ಸಿಗದ ಕಡೆ ನೆಟ್ಟಗೆ ನಿಂತು ಬಿಸಿಡಿಯ ಗಾಳಿ ಪೂರ್ತಿ ಬಿಡಿ, ಮಾಮೂಲಿ ಉಸಿರು ಹಿಡೀರಿ, ಫಿನ್ ಅಲ್ಲಾಡಿಸಬೇಡಿ. ನೀರು ಕಣ್ಣಿನ ಮಟ್ಟಕ್ಕೆ ನಿಂತ್ರೆ ವೇಟ್ ಸರಿ, ಉಸಿರು ಬಿಟ್ರೆ ಮೆಲ್ಲಗೆ ಮುಳುಗ್ಬೇಕು. ಟ್ಯಾಂಕ್ ತುಂಬಿದ್ದಾಗ ಇದೇ ಪರೀಕ್ಷೆ ಮಾಡಿದ್ರೆ ಮೋಸ ಹೋಗ್ತೀರ, ಅಲ್ಯೂಮಿನಿಯಂ 80 ಟ್ಯಾಂಕಲ್ಲಿ ಗಾಳಿಯ ತೂಕವೇ ಸುಮಾರು 2.6 ಕೆಜಿ, ಡೈವ್ ಕೊನೆಗೆ ಅದರಲ್ಲಿ ಎರಡು ಕೆಜಿಗೂ ಜಾಸ್ತಿ ಖರ್ಚಾಗಿರುತ್ತೆ, ಆಗ ಸೇಫ್ಟಿ ಸ್ಟಾಪಲ್ಲಿ, ಅಂದ್ರೆ ಮೇಲೆ ಬರೋ ಮುಂಚೆ ಸ್ವಲ್ಪ ಹೊತ್ತು ತಡೆಯೋ ಕಡೆ, ನಿಲ್ಲೋಕೆ ಆಗದೆ ಬೆಂಡಿನ ಹಾಗೆ ತೇಲ್ತೀರ.

ಈಗ ಸಮುದ್ರಕ್ಕೆ ಬದಲಾಯಿಸೋದು. ಒಂದು ಲೀಟರ್ ಸಿಹಿನೀರು 1 ಕೆಜಿ, ಸಮುದ್ರದ ನೀರು ಸುಮಾರು 1.025. ನೀವು 72 ಕೆಜಿ ಅಂತಿಟ್ಕೊಳ್ಳಿ, ಟ್ಯಾಂಕು ಬೆಲ್ಟು ಸೂಟು ಎಲ್ಲಾ ಸೇರಿ 28, ಒಟ್ಟು 100. ಬುಗ್ಗೆಯಲ್ಲಿ ಸಮತೂಕಕ್ಕೆ ನಿಂತಿದೀರ ಅಂದ್ರೆ 100 ಲೀಟರ್ ಜಾಗ ತಗೊಂಡಿದೀರ, ಸಮುದ್ರದಲ್ಲಿ ಅಷ್ಟೇ ಜಾಗಕ್ಕೆ 102.5 ಕೆಜಿ ಮೇಲಕ್ಕೆ ತಳ್ಳುತ್ತೆ, ಅಂದ್ರೆ ಎರಡೂವರೆ ಕೆಜಿ ಸೀಸ ಜಾಸ್ತಿ ಬೇಕು. ನಿಮ್ಮದೇ ತೂಕ ಹಾಕಿ ಲೆಕ್ಕ ಮಾಡ್ಕೊಳ್ಳಿ. ಹೊಸ ನಿಯೋಪ್ರೀನ್ ಮೊದಮೊದಲು ಜಾಸ್ತಿ ತೇಲುತ್ತೆ, ಹತ್ತಿಪ್ಪತ್ತು ಡೈವ್ ಆದ್ಮೇಲೆ ಅರ್ಧ ಕೆಜಿ ಕಮ್ಮಿ ಬೇಕಾಗ್ಬಹುದು. ಕಂಪ್ಯೂಟರಲ್ಲೂ ಫ್ರೆಶ್, ಸಾಲ್ಟ್ ಅಂತ ಸೆಟಿಂಗ್ ಇರುತ್ತೆ, ಸಾಲ್ಟಲ್ಲೇ ಬಿಟ್ಟು ಬುಗ್ಗೆಗಿಳಿದ್ರೆ 10 ಮೀಟರಿಗೆ ಕಾಲು ಮೀಟರ್ ಕಮ್ಮಿ ತೋರಿಸುತ್ತೆ, ಅಪಾಯ ಏನಿಲ್ಲ, ಮುರ್ಡೇಶ್ವರಕ್ಕೆ ಹೋದಾಗ ವಾಪಸ್ ತಿರುಗಿಸೋದು ನೆನಪಿರ್ಲಿ.

ಬುಗ್ಗೆಯಲ್ಲಿ ಟೆಸ್ಟ್ ಆಗದೆ ಉಳಿಯೋದೂ ಇದೆ. ದೋಣಿ ಅಂಚಿಂದ ಹಿಂದಕ್ಕೆ ಬೀಳೋದು, ಅಲೆಯಲ್ಲಿ ಏಣಿ ಹಿಡಿಯೋದು, ಸೆಳೆತ, ಇದೆಲ್ಲಾ ಅರಬ್ಬಿ ಸಮುದ್ರದಲ್ಲೇ ಗೊತ್ತಾಗೋದು. ಅದಕ್ಕೆ ಅಲ್ಲಿ ಮೊದಲನೇ ಡೈವಲ್ಲಿ ಗೈಡ್‌ಗೆ ಮುಂಚೇನೇ ಹೇಳಿ, ಗೇರ್ ಹೊಸದು, ಸಮುದ್ರಕ್ಕೆ ಇದೇ ಮೊದಲು ಅಂತ, ನಾಚಿಕೆ ಏನಿಲ್ಲ.

ವಾಪಸ್ ಬಂದ್ಮೇಲೆ ರೆಗ್ಯುಲೇಟರಿನ ಫಸ್ಟ್ ಸ್ಟೇಜ್ ಮುಚ್ಚಳ ಒಣಗಿಸಿ ಹಾಕಿ, ಆಮೇಲೆ ತೊಳೀರಿ, ತೊಳೆಯೋವಾಗ ಮೌತ್‌ಪೀಸ್ ಮುಂದಿರೋ ಪರ್ಜ್ ಬಟನ್ ಒತ್ತಬೇಡಿ, ಒತ್ತಿದ್ರೆ ನೀರು ಹೋಸ್ ಒಳಗೆ ಹತ್ತುತ್ತೆ. ಬಿಸಿಡಿ ತಲೆಕೆಳಗೆ ಮಾಡಿ ಒಳಗಿನ ನೀರು ಸುರಿದುಬಿಡಿ, ಪ್ರತಿ ಸಲ ಅರ್ಧ ಲೋಟ ಎಲ್ಲಿಂದ ಬರುತ್ತೋ ನನಗಂತೂ ಇವತ್ತಿಗೂ ಆಶ್ಚರ್ಯ. ಊರಿಗೆ ಹೊರಡೋ ಹಿಂದಿನ ದಿನ ಈ ಟೆಸ್ಟ್ ಇಟ್ಕೋಬೇಡಿ, ಎರಡು ಡೈವ್ ಮಾಡಿದ ಮೇಲೆ ವಿಮಾನ ಹತ್ತೋಕೆ ಕನಿಷ್ಠ 18 ಗಂಟೆ ಬಿಡಬೇಕು, ಮೇಲಾಗಿ ಏನಾದ್ರೂ ಕೆಟ್ಟಿದ್ರೆ ರಿಪೇರಿಗೂ ಟೈಮ್ ಬೇಕಲ್ಲ, ಅಕ್ಟೋಬರಲ್ಲೇ ಮುಗಿಸಿ. ರೆಗ್ಯುಲೇಟರ್, ಕಂಪ್ಯೂಟರ್ ಕೈಬ್ಯಾಗಲ್ಲಿ, ಚಾಕು ಚೆಕ್-ಇನ್‌ಗೆ, ನಿಮ್ಮ ರೆಗ್ಯುಲೇಟರ್ ಟ್ಯಾಂಕಿಗೆ ತಿರುಪಿ ಕೂರಿಸೋ ಡಿನ್ ಥರದ್ದಾದ್ರೆ ಯೋಕ್ (ಕ್ಲಾಂಪ್ ಥರದ್ದು) ಅಡಾಪ್ಟರ್ ಒಂದು ಜೊತೆಗೆ. ವೇಟ್ ನಂಬರನ್ನ ಲಾಗ್‌ಬುಕ್ಕಲ್ಲಿ ಸೂಟ್ ದಪ್ಪ, ಟ್ಯಾಂಕ್ ಯಾವುದು, ಯಾವ ನೀರು ಅಂತ ಮೂರರ ಜೊತೆ ಬರೀರಿ, ಪೌಂಡಲ್ಲೂ ಕೆಜಿಯಲ್ಲೂ ಬರೀರಿ, ಇಲ್ಲಿ ಬೆಲ್ಟಿಗೆ ಪೌಂಡ್ ಲೆಕ್ಕದಲ್ಲಿ ಕೊಡ್ತಾರೆ, ಅಲ್ಲಿ ದೋಣಿಯಲ್ಲಿ ಎಷ್ಟು ಕೆಜಿ ಹಾಕ್ಲಿ ಅಂತ ಕೇಳ್ತಾರೆ.